ವಾಕರ್ ಸರಿ ಮಾಡಿಕೊಟ್ಟ ಅಕ್ಕನಿಗೆ

ಆಸ್ಪತ್ರೆಯ ಲಿಫ್ಟ್ ಹತ್ತಿರ ನಮ್ಮಮ್ಮನ ವಾಕರ್ ಸರಿ ಮಾಡಿಕೊಟ್ಟ ಅಕ್ಕ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಅಮ್ಮ ಭುಜ ಮೇಲೆತ್ತಿಕೊಂಡು ನಡೆಯುತ್ತಿದ್ದರು. ವಯಸ್ಸಾಯಿತಲ್ಲ, ಹಾಗೇ ಇರುತ್ತೆ ಅಂದುಕೊಂಡಿದ್ದೆ. ನೀವು ನೋಡಿದ ತಕ್ಷಣ "ಇದರ ಎತ್ತರ ಜಾಸ್ತಿಯಾಯಿತು" ಎಂದಿರಿ. ಅವರನ್ನು ನೇರ ನಿಲ್ಲಿಸಿ, ಕೈ ಇಳಿಬಿಡಿಸಿ, ಹಿಡಿಯನ್ನು ಮಣಿಕಟ್ಟಿನ ಮಟ್ಟಕ್ಕೆ ತಂದಿರಿ. ಗುಂಡಿ ಒತ್ತಿ ಎರಡು ತೂತು ಇಳಿಸಿದ್ದು, ಅಷ್ಟೇ. ನಾಲ್ಕೂ ಕಾಲು ಸಮ ಇದೆಯಾ ಎಂದು ಅಲ್ಲಾಡಿಸಿಯೂ ನೋಡಿದಿರಿ. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕಂತೆ, 15ರಿಂದ 20 ಡಿಗ್ರಿಯಷ್ಟು. ನಾನೋ, ಮೂರು ತಿಂಗಳಿಂದ ಸುಮ್ನೆ ಭುಜಕ್ಕೆ ಮುಲಾಮು ಹಚ್ಚುತ್ತಿದ್ದೆ!

ಇನ್ನೊಂದು ಮಾತು ಹೇಳಿದಿರಿ. ಏಳುವಾಗ ವಾಕರ್ ಹಿಡಿದು ಎಳೆಯಬಾರದು; ಕುರ್ಚಿಯ ಕೈ ಒತ್ತಿ ಎದ್ದು, ಆಮೇಲೆ ಹಿಡಿಯಬೇಕು. ಅಮ್ಮನಿಗೆ ಇದಿನ್ನೂ ರೂಢಿಯಾಗಿಲ್ಲ. ದಿನಾ ಒಂದು ಸಣ್ಣ ಜಗಳ. ನೀವು ಬೆರಳಿಟ್ಟು ತೋರಿಸಿದ, ಸವೆದುಹೋಗಿದ್ದ ರಬ್ಬರ್ ಬುಡಗಳನ್ನು ಮಾತ್ರ ಅವತ್ತೇ ಬದಲಿಸಿದೆ.

ನಿಮಗೆ ಅದು ಐದು ನಿಮಿಷದ ಕೆಲಸ ಇರಬಹುದು. ನಿನ್ನೆ ಅಮ್ಮ ಒಬ್ಬರೇ ಅಡುಗೆಮನೆಯವರೆಗೆ ಬಂದು, "ಒಲೆ ಆರಿಸಿದೆಯಾ?" ಎಂದು ನನ್ನನ್ನೇ ವಿಚಾರಿಸಿಕೊಂಡರು. ಬಹಳ ದಿನ ಆಗಿತ್ತು ಅವರು ಹಾಗೆ ಗದರಿ. ಥ್ಯಾಂಕ್ಸ್ ಅಕ್ಕ.