ನೇಪಾಳಕ್ಕೆ ಸೇವೆಗೆ ಹೊರಟ ಗೆಳೆಯನಿಗೊಂದು ಪತ್ರ

ಬಳ್ಳಾರಿ

ಪ್ರಿಯ ಯೇಸುದಾಸ,

ಕರ್ತನ ನಾಮದಲ್ಲಿ ವಂದನೆಗಳು. ಭತ್ತದ ಕೊಯ್ಲು ಮುಗಿಸಿಕೊಂಡು ನಿಮ್ಮ ಸಿಂಧನೂರು ಸಭೆಯಿಂದ (ಚರ್ಚಿನಿಂದ) ಹನ್ನೆರಡು ಮಂದಿ ನೇಪಾಳದ ಪಾಲ್ಪಾ ಕಡೆ ಹೊರಟಿದ್ದೀರಿ ಎಂದು ತಿಳಿದು ಮನಸ್ಸಿಗೆ ಸಂತೋಷವಾಯಿತು. ತಯಾರಿ ಏನೇನು ಬೇಕು ಎಂದು ಕೇಳಿ ಪಟ್ಟಿಯನ್ನೂ ಕಳಿಸಿದ್ದೀಯ. ಪಟ್ಟಿಯ ಮೊದಲ ಸಾಲಿನಲ್ಲೇ ‘ನೇಪಾಳಿ ಕರಪತ್ರ ಎರಡು ಸಾವಿರ, ಕೈಮೈಕು ಒಂದು’ ಅಂತಿದೆ. ಆ ಸಾಲನ್ನು ಈಗಲೇ ಹೊಡೆದುಹಾಕು. ಯಾಕೆ ಅನ್ನುವುದನ್ನು ಮೊದಲು ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

2015ರ ನೇಪಾಳದ ಸಂವಿಧಾನ ತನ್ನ ಧರ್ಮವನ್ನು ಆಚರಿಸುವ ಹಕ್ಕು ಕೊಡುತ್ತದೆ, ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ಅದೇ 26ನೆಯ ವಿಧಿಯಲ್ಲಿ ನಿಷೇಧಿಸಿದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ 158ನೆಯ ಕಲಮಿನ ಪ್ರಕಾರ ಮತಾಂತರ ಮಾಡಿಸಿದರೆ ಐದು ವರ್ಷದ ತನಕ ಜೈಲು, ಐವತ್ತು ಸಾವಿರ ರೂಪಾಯಿ ತನಕ ದಂಡ. ತಪ್ಪಿತಸ್ಥ ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ವೀಸಾ ಇಲ್ಲದೆ ನಡೆದುಕೊಂಡೇ ಗಡಿ ದಾಟುವ ನಮ್ಮವರಿಗೆ ಅದು ಪರದೇಶ ಅನ್ನಿಸುವುದೇ ಇಲ್ಲ. ಎಡವಟ್ಟಾಗುವುದು ಅಲ್ಲೇ. ಸಂತೆಯಲ್ಲಿ ನಿಂತು ಕರಪತ್ರ ಹಂಚಿದವನು ಮರುದಿನ ರೈಲು ಹತ್ತಿ ಊರಿಗೆ ಬಂದುಬಿಡುತ್ತಾನೆ. ಪೊಲೀಸರು ಹುಡುಕಿಕೊಂಡು ಹೋಗುವುದು ಅವನಿಗೆ ಊಟ ಹಾಕಿದ ಅಲ್ಲಿನ ಪಾಸ್ಟರ ಮನೆಗೆ. ನಾವು ಮಾಡಿದ್ದಕ್ಕೆ ಆ ಮನೆಯವರು ಕೋರ್ಟಿಗೆ ಅಲೆಯಬೇಕಾಗುತ್ತದೆ. ಕಾನೂನು ನಮಗೆ ಹಿಡಿಸಲಿ ಬಿಡಲಿ, ಅತಿಥಿಯಾಗಿ ಹೋದವರು ಅದನ್ನು ಪಾಲಿಸಬೇಕು.

ಹಾಗಾದರೆ ಹೋಗಿ ಮಾಡುವುದೇನು ಎಂದು ನಿನ್ನ ಹುಡುಗರು ಕೇಳುತ್ತಾರೆ. ಅವರಿಗೆ ನೇಪಾಳದ ಕ್ರೈಸ್ತ ಸಭೆಯ ಚರಿತ್ರೆಯನ್ನು ಸ್ವಲ್ಪ ಹೇಳು. 1951ರಲ್ಲಿ ವಂಶಪಾರಂಪರ್ಯ ಪ್ರಧಾನಿಗಳಾಗಿದ್ದ ರಾಣಾಗಳ ಆಡಳಿತ ಮುಗಿಯುವ ತನಕ ನೇಪಾಳದ ಬಾಗಿಲು ಮಿಷನರಿಗಳಿಗೆ ಮುಚ್ಚಿತ್ತು. ಆದರೂ ಪೂರ್ತಿ ಬೈಬಲ್ 1914ರ ಹೊತ್ತಿಗೇ ನೇಪಾಳಿಯಲ್ಲಿ ಅಚ್ಚಾಗಿತ್ತು. ಆ ಕೆಲಸಕ್ಕೆ ಜೀವ ತೇಯ್ದವರು ಡಾರ್ಜಿಲಿಂಗ್‌ನ ಗಂಗಾಪ್ರಸಾದ್ ಪ್ರಧಾನ್, ನೇಪಾಳಿಯವರೇ. ಬಾಗಿಲು ತೆರೆದ ಮೇಲೆ 1952ರಲ್ಲಿ ಪೊಖರಾದ ರಾಮಘಾಟ್‌ನಲ್ಲಿ ಸಭೆ ಕಟ್ಟಿದ ಡೇವಿಡ್ ಮುಖಿಯಾ ಕೂಡ ನೇಪಾಳಿಯೇ. ದೀಕ್ಷಾಸ್ನಾನ ಕೊಟ್ಟ ಕೇಸಿನಲ್ಲಿ ಅವರು ಜೈಲನ್ನೂ ಕಂಡರು. 1954ರಲ್ಲಿ ಶುರುವಾದ ಯುನೈಟೆಡ್ ಮಿಷನ್ ಟು ನೇಪಾಳ್ ಸಂಸ್ಥೆಯ ವಿದೇಶಿಯರು ಆಸ್ಪತ್ರೆ, ಶಾಲೆ ನಡೆಸಿದರು, ಮತಾಂತರದ ಕೆಲಸ ಮಾಡುವುದಿಲ್ಲ ಎಂದು ಸರ್ಕಾರಕ್ಕೆ ಒಪ್ಪಿಕೊಂಡೇ ನಡೆಸಿದರು. ನೀವು ಹೋಗುವ ಪಾಲ್ಪಾದ ತಾನ್ಸೇನ್ ಪಟ್ಟಣದ ಮಿಷನ್ ಆಸ್ಪತ್ರೆ ಆ ಕಾಲದ್ದು. 2021ರ ಜನಗಣತಿಯಲ್ಲಿ ನೇಪಾಳದ ಕ್ರೈಸ್ತರು ಶೇ 1.76, ಅಂದರೆ ಐದು ಲಕ್ಷಕ್ಕೆ ಸ್ವಲ್ಪ ಮೇಲೆ. ಆ ಸಭೆಯನ್ನು ಬೆಳೆಸಿದವರು ನೇಪಾಳಿಗಳೇ. ಹೊರಗಿನಿಂದ ಹೋದವರ ಕೆಲಸ ಅವರ ಕೈ ಬಲಪಡಿಸುವುದು. ಅದು ಸಣ್ಣ ಕೆಲಸವಲ್ಲ.

ನಮ್ಮ ಬಳ್ಳಾರಿಯವರಿಗೆ ಇದು ಬೇಗ ತಿಳಿಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದಾಗ ಪರದೇಶಿಯಾಗಿದ್ದವರು ಅವರು, ನೋಡುತ್ತ ಕೂತಿದ್ದವರು ನಮ್ಮ ಹಿರಿಯರು. ಹ್ಯಾಂಡ್ಸ್ ಕೂತು ಕನ್ನಡ ಕಲಿತು, ವರ್ಷಗಟ್ಟಲೆ ತರ್ಜುಮೆಯ ಮುಂದೆ ಬೆನ್ನು ಬಗ್ಗಿಸಿದ್ದರಿಂದ ನಮ್ಮ ಕೈಗೆ ದೇವರ ವಾಕ್ಯ ಕನ್ನಡದಲ್ಲಿ ಬಂತು. ಹತ್ತು ದಿನಕ್ಕೆ ಹೋಗುವ ತಂಡ ಅಷ್ಟು ಮಾಡಲಾರದು. ಕೇಳಿಸಿಕೊಳ್ಳುವುದನ್ನಾದರೂ ಮಾಡಬಹುದು.

ಈಗ ತಯಾರಿಗೆ ಬರೋಣ.

ಹನ್ನೆರಡು ಮಂದಿ ಹೆಚ್ಚು, ಎಂಟಕ್ಕೆ ಇಳಿಸು. ಬೆಟ್ಟದ ಊರಿನ ಸಭೆಯವರು ತಮ್ಮ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ. ಎಂಟರಲ್ಲಿ ಹೆಣ್ಣುಮಕ್ಕಳು ಕಡಿಮೆಯೆಂದರೂ ಮೂವರಿರಲಿ. ಅಲ್ಲಿನ ಸಭೆಗಳಲ್ಲಿ ಹೆಂಗಸರೇ ಹೆಚ್ಚು, ಅವರ ಮನೆಯ ಮಾತು ಗಂಡಸರ ಮುಂದೆ ಬರುವುದಿಲ್ಲ. ಹಿಂದಿ ಸರಾಗವಾಗಿ ಬಲ್ಲವರು ಇಬ್ಬರು, ಲೆಕ್ಕ ಬರೆಯುವವರು ಒಬ್ಬರು, ನರ್ಸ್ ಕಲಿತವರು ಒಬ್ಬರು ಸಿಕ್ಕರೆ ತಂಡ ಕೂಡಿತು.

ಗುರುತಿನ ಚೀಟಿಯ ವಿಷಯದಲ್ಲಿ ಬಹಳ ತಂಡಗಳು ಎಡವುತ್ತವೆ. ಭಾರತೀಯರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ವೋಟರ್ ಕಾರ್ಡ್ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಹೋಗುವಾಗ ರಸ್ತೆಯಲ್ಲಿ ಯಾರೂ ಕೇಳದೆ ಇರಬಹುದು. ಬರುವಾಗ ಯಾರಿಗಾದರೂ ಹುಷಾರಿಲ್ಲದೆ ಕಠ್ಮಂಡುವಿನಿಂದ ವಿಮಾನ ಹತ್ತಿಸಬೇಕಾಗಿ ಬಂದರೆ ಆಧಾರ್ ಒಂದನ್ನೇ ಹಿಡಿದವನು ಕೌಂಟರಿನಲ್ಲೇ ಸಿಕ್ಕಿಕೊಳ್ಳುತ್ತಾನೆ. ಎಲ್ಲರ ಕಾರ್ಡಿನ ಜೆರಾಕ್ಸ್ ಎರಡೆರಡು ಪ್ರತಿ ಮಾಡಿಸಿ, ಒಂದು ಕಟ್ಟು ನಿನ್ನ ಹತ್ತಿರ, ಇನ್ನೊಂದು ಊರಿನ ಸಭೆಯಲ್ಲಿ ಇರಲಿ.

ದಾರಿ ಹೀಗೆ: ರಾಯಚೂರಿನಿಂದ ಹೈದರಾಬಾದ್, ಅಲ್ಲಿಂದ ರೈಲಿನಲ್ಲಿ ಗೋರಖ್‌ಪುರ, ಬಸ್ಸಿನಲ್ಲಿ ಗಡಿಯ ಊರು ಸೋನೌಲಿ. ಗಡಿಯ ಈಚೆ ಸಶಸ್ತ್ರ ಸೀಮಾ ಬಲದವರು ಚೀಲ ತೆಗೆಸಿ ನೋಡುತ್ತಾರೆ. ಆಚೆ ಭೈರಹವಾ, ಬುಟ್ವಲ್; ಬುಟ್ವಲ್ ದಾಟಿದ ಕೂಡಲೇ ಬೆಟ್ಟ ಶುರು. ಅಲ್ಲಿಂದ ತಾನ್ಸೇನ್ ಸುಮಾರು 40 ಕಿಲೋಮೀಟರ್, ಆದರೆ ಎರಡು ತಾಸಿನ ಮೇಲೆ ಹಿಡಿಯುತ್ತದೆ. ಸಿದ್ಧಬಾಬಾ ಎಂಬಲ್ಲಿ ಮಳೆಗಾಲದಲ್ಲಿ ಬೆಟ್ಟದಿಂದ ಕಲ್ಲು ಉರುಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಹೋಗಲೇಬೇಡಿ, ಯಾವ ತಿಂಗಳಲ್ಲೂ ರಾತ್ರಿ ಪ್ರಯಾಣ ಬೇಡ. ನಿಮಗೆ ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ನಮ್ಮ ಎರೆಭೂಮಿಯ ಮಂದಿಗೆ ಆ ತಿರುವುಗಳು ಒಗ್ಗುವುದಿಲ್ಲ. ವಾಂತಿಯ ಗುಳಿಗಿಯನ್ನು ಬಸ್ ಹತ್ತುವ ಒಂದು ತಾಸು ಮುಂಚೆ ನುಂಗಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯವರು ಪೂರ್ತಿ ದಿನಗಳ ಗುಳಿಗಿ, ಮೇಲೆ ಒಂದು ವಾರದ್ದು, ಡಾಕ್ಟರ ಚೀಟಿಯ ಸಮೇತ ಇಟ್ಟುಕೊಳ್ಳಲಿ. ಒಬ್ಬೊಬ್ಬರಿಗೆ ಒಂದು ಸ್ವೆಟರ್, ಒಂದು ಶಾಲು ಇರಲೇಬೇಕು.

ದುಡ್ಡು: ನಮ್ಮ 100 ರೂಪಾಯಿಗೆ ಅಲ್ಲಿನ 160. ನೂರರ ನೋಟುಗಳನ್ನೇ ಒಯ್ಯಿರಿ, ಫೋನಿನಲ್ಲಿ ದುಡ್ಡು ಕಳಿಸಬಹುದೆಂದು ನಂಬಿ ಕೂರಬೇಡಿ. ಗಡಿ ದಾಟಿದೊಡನೆ ಅಲ್ಲಿನ ಸಿಮ್ ಒಂದೆರಡು ತೆಗೆದುಕೊಳ್ಳಿ. ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ತಾರೀಕೂ ಬೇರೆ: ಅವರು ಬರೆಯುವುದು ವಿಕ್ರಮ ಸಂವತ್, ತಿಂಗಳು ಶುರುವಾಗುವುದು ನಮ್ಮ ತಿಂಗಳ ನಡುವೆ. ಪಾಸ್ಟರು ‘ಫಾಗುಣ 15’ ಎಂದರೆ ನೀನು ಫೆಬ್ರವರಿ 15 ಎಂದು ಟಿಕೆಟ್ ಮಾಡಿಸಿಬಿಡಬೇಡ. ಎರಡೂ ಪಂಚಾಂಗದ ತಾರೀಕು, ವಾರ ಬರೆಸಿಕೋ.

ವಾರದ ಮಾತು ಬಂದದ್ದು ಒಳ್ಳೆಯದಾಯಿತು. ಅಲ್ಲಿ ವಾರದ ರಜೆ ಶನಿವಾರ, ಆರಾಧನೆಯೂ ಶನಿವಾರವೇ. ಭಾನುವಾರಕ್ಕೆ ಲೆಕ್ಕ ಹಾಕಿಕೊಂಡು ಹೋದ ತಂಡಕ್ಕೆ ಬೀಗ ಹಾಕಿದ ಸಭಾಮಂದಿರ ಸಿಗುತ್ತದೆ. ನಿಮ್ಮ ಹತ್ತು ದಿನದಲ್ಲಿ ಎರಡು ಶನಿವಾರ ಬರುವ ಹಾಗೆ ಹೊಂದಿಸು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ನೆಲಕ್ಕೆ ಹಾಸಿದ ಚಾಪೆಯ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎರಡೂ ಕೈ ಮುಗಿದು ‘ಜಯ ಮಸೀಹ’ ಅನ್ನುತ್ತಾರೆ, ಮಕ್ಕಳೂ ಬಂದು ಒಬ್ಬೊಬ್ಬರಾಗಿ ಹೇಳುತ್ತಾರೆ, ಪ್ರತಿಯೊಬ್ಬರಿಗೂ ತಿರುಗಿ ಹೇಳಬೇಕು. ಮಾದಲ್ ಎಂಬ ಎರಡು ಮುಖದ ವಾದ್ಯವನ್ನು ಒಬ್ಬ ಹುಡುಗ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕೈಯಲ್ಲಿ ನುಡಿಸುತ್ತಾನೆ, ಹಾಡು ಒಂದರ ಮೇಲೊಂದು ಸಾಗುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ದನಿ ಎತ್ತಿ ಪ್ರಾರ್ಥಿಸುತ್ತಾರೆ. ನಿಮ್ಮವರು ಕೀಬೋರ್ಡ್ ಜೋಡಿಸಿಕೊಂಡು ಮುಂದೆ ನಿಲ್ಲುವುದು ಬೇಡ. ಅವರ ಎರಡು ಹಾಡು ಇಲ್ಲಿಂದಲೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತು ಹೋಗಿ.

ಪ್ರಸಂಗದ (ಆರಾಧನೆಯಲ್ಲಿ ಕೊಡುವ ಬೋಧನೆಯ) ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಿಂದ ಹಿಂದಿ, ಹಿಂದಿಯಿಂದ ನೇಪಾಳಿ ಎಂದು ಎರಡು ಬಾಯಿ ದಾಟಿದರೆ ಇಪ್ಪತ್ತು ನಿಮಿಷದ ಮಾತು ಒಂದು ತಾಸಾಗುತ್ತದೆ, ಹಿಂದೆ ಕೂತ ಅಜ್ಜಿಯರು ತೂಕಡಿಸುತ್ತಾರೆ. ಹಿಂದಿ ಬಲ್ಲವರೇ ಮಾತಾಡಲಿ, ಒಂದೇ ತರ್ಜುಮೆ ಸಾಕು, ಮೂಲ ಮಾತು ಹದಿನೈದು ನಿಮಿಷ ದಾಟದಿರಲಿ. ಕನ್ನಡ, ಹಿಂದಿ, ನೇಪಾಳಿ ಮೂರರಲ್ಲೂ ಕ್ರಿಯಾಪದ ಬರುವುದು ಕೊನೆಗೆ. ಉದ್ದ ವಾಕ್ಯವನ್ನು ನಡುವೆ ನಿಲ್ಲಿಸಿ ತಿರುಗಿ ನೋಡಿದರೆ ದುಭಾಷಿಗೆ ಹಿಡಿಯಲು ಏನೂ ಸಿಕ್ಕಿರುವುದಿಲ್ಲ; ಆತ ತನಗೆ ತೋಚಿದ್ದನ್ನು ಸೇರಿಸಿ ಮುಗಿಸುತ್ತಾನೆ. ಆರೇಳು ಪದದ ಪೂರ್ತಿ ವಾಕ್ಯ ಹೇಳಿ ನಿಲ್ಲಿಸಬೇಕು. ಪ್ರಾಸ, ಗಾದೆ, ಸಿನಿಮಾ ಮಾತು ಬಿಡಬೇಕು. ಓದುವ ವಚನಗಳ ಅಧ್ಯಾಯ, ಸಂಖ್ಯೆಗಳನ್ನು ಹಿಂದಿನ ರಾತ್ರಿಯೇ ದುಭಾಷಿಗೆ ಕೊಟ್ಟು ಒಮ್ಮೆ ಕೂತು ಮಾತಾಡಿಕೊಂಡರೆ ಮರುದಿನದ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಹೊರಡುವ ಮುಂಚೆ ನಿಮ್ಮ ಸಭೆಯಲ್ಲೇ ಕನ್ನಡ-ತೆಲುಗು ಬಲ್ಲವರನ್ನು ನಿಲ್ಲಿಸಿ ನಾಲ್ಕು ವಾರ ಅಭ್ಯಾಸ ಮಾಡಿ. ಸಿಂಧನೂರಿನಲ್ಲಿ ತೆಲುಗಿನವರಿಗೇನು ಕೊರತೆ?

ಶನಿವಾರ ಬಿಟ್ಟು ಉಳಿದ ದಿನ ಏನು ಮಾಡಬೇಕೆಂಬುದನ್ನು ನೀನು ಬರೆಯಬೇಡ, ಅಲ್ಲಿನ ಪಾಸ್ಟರನ್ನು ಕೇಳು. ಸಾಮಾನ್ಯವಾಗಿ ಬರುವ ಬೇಡಿಕೆ ಇವು: ಸಂಡೇ ಸ್ಕೂಲ್ ನಡೆಸುವ ಹುಡುಗ ಹುಡುಗಿಯರಿಗೆ ತರಬೇತಿ, ಹೆಂಗಸರ ಕೂಟ, ಬೈಬಲ್ ಕಾಲೇಜು ಕಾಣದ ಹಳ್ಳಿ ಪಾಸ್ಟರುಗಳಿಗೆ ಬೈಬಲಿನ ಒಂದೇ ಒಂದು ಪತ್ರಿಕೆಯನ್ನು, ಫಿಲಿಪ್ಪಿಯವರಿಗೆ ಬರೆದದ್ದನ್ನೋ ಯಾಕೋಬನದ್ದನ್ನೋ, ಮೂರು ದಿನ ಬಿಡಿಸಿ ಕಲಿಸುವುದು, ಸಭೆಯ ಕಾಣಿಕೆಯ ಲೆಕ್ಕದ ಪುಸ್ತಕ ಇಡುವುದು. ಕೊನೆಯದನ್ನು ಹಗುರ ಮಾಡಬೇಡ. ಲೆಕ್ಕ ಸರಿಯಿಲ್ಲದೆ ಒಡೆದ ಸಭೆಗಳು ನಮ್ಮ ಕಡೆಯೂ ಇವೆಯಲ್ಲ. ಬೈಬಲ್, ಪಾಠದ ಪುಸ್ತಕ ಬೇಕೆಂದರೆ ಇಲ್ಲಿಂದ ಹೊರಬೇಡಿ, ದುಡ್ಡು ಕೊಟ್ಟರೆ ಸಭೆಯವರೇ ನೇಪಾಳ ಬೈಬಲ್ ಸೊಸೈಟಿಯಿಂದ ತರಿಸಿಕೊಳ್ಳುತ್ತಾರೆ.

ವೈದ್ಯಕೀಯ ಶಿಬಿರದ ಆಸೆ ನಿನ್ನ ಪಟ್ಟಿಯಲ್ಲಿದೆ. ವಿದೇಶಿ ವೈದ್ಯರು ಅಲ್ಲಿ ರೋಗಿಗಳನ್ನು ನೋಡಬೇಕಾದರೆ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ಅದಿಲ್ಲದೆ ಪೆಟ್ಟಿಗೆಗಟ್ಟಲೆ ಔಷಧಿ ಹೊತ್ತರೆ ಗಡಿಯಲ್ಲೇ ನಿಲ್ಲಿಸುತ್ತಾರೆ. ಅನುಮತಿ ಸಿಕ್ಕರೂ ಶಿಬಿರದಲ್ಲಿ ಬೋಧನೆ ಬೆರೆಸಬಾರದು. ಗುಳಿಗಿ ಕೊಟ್ಟ ಕೈಯಿಂದಲೇ ಕರಪತ್ರ ಕೊಟ್ಟರೆ ಆಮಿಷ ಎಂಬ ಆರೋಪಕ್ಕೆ ನಾವೇ ಸಾಕ್ಷಿ ಒದಗಿಸಿದಂತೆ. ಅದಕ್ಕಿಂತ ಮುಖ್ಯವಾಗಿ, ನೋವಿನಲ್ಲಿರುವವನಿಗೆ ಬೇಡ ಅನ್ನುವ ಸ್ವಾತಂತ್ರ್ಯ ಉಳಿದಿರುವುದಿಲ್ಲ. ಇದು ತಪ್ಪು ಎಂದು ನಾನು ಕಾನೂನು ಇಲ್ಲದ ದೇಶದಲ್ಲೂ ಹೇಳುತ್ತೇನೆ.

ಇದಕ್ಕೆ ಹತ್ತಿರದ್ದೇ ಇನ್ನೊಂದು. ಕಾಯಿಲೆ ವಾಸಿಯಾದ ಮೇಲೆ ವಿಶ್ವಾಸಕ್ಕೆ ಬಂದ ಮನೆಗಳು ಅಲ್ಲಿ ಬಹಳ. ಹಾಗಾಗಿ ತಂಡ ಬಂದಿದೆ ಎಂದರೆ ಸಭೆಯವರು ರೋಗಿಗಳನ್ನು ಕರೆತಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿರಿ ಅನ್ನುತ್ತಾರೆ. ಮನಃಪೂರ್ವಕವಾಗಿ ಪ್ರಾರ್ಥಿಸಿ. ಆದರೆ ‘ನೀನು ವಾಸಿಯಾದೆ, ಇನ್ನು ಗುಳಿಗಿ ಬೇಡ’ ಎಂಬ ಮಾತು ನಿಮ್ಮವರ ಯಾರ ಬಾಯಿಂದಲೂ ಬರಬಾರದು. ಕ್ಷಯದ ಗುಳಿಗಿಯನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ನಡುವೆ ಬಿಟ್ಟರೆ ಅದೇ ಗುಳಿಗಿ ಮುಂದೆ ಕೆಲಸ ಮಾಡದೆ ಹೋಗಬಹುದು. ಪ್ರಾರ್ಥನೆ ಮುಗಿದ ಮೇಲೆ ‘ಗುಳಿಗಿ ತಪ್ಪದೆ ತೊಗೊಳ್ಳಮ್ಮ’ ಎಂದು ದುಭಾಷಿಯಿಂದ ಹೇಳಿಸಿ.

ದೀಕ್ಷಾಸ್ನಾನ ಕೊಡುವುದು ಅಲ್ಲಿನ ಪಾಸ್ಟರ ಕೆಲಸ, ನೀವು ನೀರಿಗೆ ಇಳಿಯಬೇಡಿ. ಪೋಷಕರಿಲ್ಲದ ಹೊತ್ತು ಬೀದಿ ಮಕ್ಕಳನ್ನು ಸೇರಿಸಿ ಚಾಕಲೇಟು ಹಂಚಿ ಹಾಡು ಹೇಳಿಸಬೇಡಿ. ಗೋಹತ್ಯೆ ಅಲ್ಲಿ ಅಪರಾಧ, ಊಟದ ಹೊತ್ತಿನಲ್ಲಿ ಆ ಮಾತೇ ತೆಗೆಯಬೇಡಿ. ಊಟವೆಂದರೆ ದಾಲ್ ಭಾತ್, ಬೆಳಿಗ್ಗೆ ಹತ್ತರ ಸುಮಾರಿಗೆ ಒಮ್ಮೆ, ರಾತ್ರಿ ಒಮ್ಮೆ, ನಡುವೆ ಹಸಿವಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೋಗಿ, ಹತ್ತು ದಿನ ಕೆಡುವುದಿಲ್ಲ, ಅವರಿಗೂ ಕೊಡಬಹುದು. ನೀರು ಕುದಿಸಿದ್ದೇ ಆಗಬೇಕು, ಓಆರ್‌ಎಸ್ ಪೊಟ್ಟಣ ಇಪ್ಪತ್ತಾದರೂ ಇರಲಿ.

ಫೋಟೋ ವಿಷಯದಲ್ಲಿ ತಂಡದವರಿಂದ ಹೊರಡುವ ಮುಂಚೆಯೇ ಮಾತು ತೆಗೆದುಕೋ. ಆರಾಧನೆಯ ವಿಡಿಯೋ, ಊರಿನ ಹೆಸರು, ಪಾಸ್ಟರ ಮುಖ, ಯಾವುದೂ ಸ್ಟೇಟಸ್‌ಗೆ ಹೋಗಬಾರದು, ಊರಿಗೆ ಬಂದ ಮೇಲೂ ಹೋಗಬಾರದು. ‘ಇಷ್ಟು ಮಂದಿ ಕರ್ತನ ಬಳಿಗೆ ಬಂದರು’ ಎಂದು ಇಲ್ಲಿ ಹಾಕಿದ ಒಂದು ಸಾಲು ಅಲ್ಲಿ ದೂರಿನ ಜೊತೆ ಲಗತ್ತಾಗುತ್ತದೆ. ನಿಮ್ಮ ಸಭೆಗೆ ಕೊಡುವ ವರದಿ ಬಾಯಿಮಾತಿನಲ್ಲಿರಲಿ, ತಲೆ ಎಣಿಕೆ ಇಲ್ಲದೆ ಇರಲಿ.

ಸಹಾಯದ ಹಣವನ್ನು ಯಾರಿಗೂ ಒಂಟಿಯಾಗಿ ಕೈಯಲ್ಲಿಡಬೇಡಿ. ಒಂದು ಮನೆಗೆ ಸಿಕ್ಕಿ ಪಕ್ಕದ ಮನೆಗೆ ಸಿಗದಿದ್ದರೆ ನೀವು ಬಂದ ಮೇಲೆ ಆ ಎರಡು ಮನೆ ಒಂದೇ ಚಾಪೆಯ ಮೇಲೆ ಕೂರುವುದಿಲ್ಲ. ಸಭೆಯ ಸಮಿತಿಯ ಮೂವರ ಮುಂದೆ ಕೊಟ್ಟು ರಸೀದಿ ಪಡೆಯಿರಿ, ಯಾವುದಕ್ಕೆಂದು ಬರೆಸಿ. ಪ್ರತಿ ವರ್ಷ ಕೊಡುತ್ತೇವೆ ಎಂದು ಭಾವುಕರಾಗಿ ಒಪ್ಪಿಕೊಳ್ಳಬೇಡಿ. ಒಂದು ಸಲ ಕೊಡುವುದಾದರೆ ಒಂದು ಸಲ ಎಂದೇ ಹೇಳಿ.

ಈಗ ನಿನ್ನಿಂದ ಆಗಬೇಕಾದದ್ದು ಇಷ್ಟು. ಪಾಸ್ಟರಿಗೆ ಈ ವಾರವೇ ಪತ್ರ ಬರೆದು ಅವರಿಗೆ ಬೇಕಾದ ಕೆಲಸ ಯಾವುದು, ಎಷ್ಟು ಜನರಿಗೆ ಜಾಗ ಇದೆ, ತಾರೀಕು ಯಾವುದು ಎಂದು ಕೇಳು. ಉತ್ತರ ಬಂದ ಮೇಲೆ ಟಿಕೆಟ್ ಮಾಡಿಸು. ‘ಈ ವರ್ಷ ಬೇಡ, ಇಲ್ಲಿ ವಾತಾವರಣ ಸರಿಯಿಲ್ಲ’ ಎಂದು ಅವರು ಬರೆದರೆ ಬೇಸರವಿಲ್ಲದೆ ನಿಲ್ಲಿಸು. ವೋಟರ್ ಕಾರ್ಡ್ ಇಲ್ಲದವರ ಹೆಸರು ನನಗೆ ಕಳಿಸು, ಅರ್ಜಿ ತುಂಬುವುದಕ್ಕೆ ನಾನು ಬಂದು ಕೂರುತ್ತೇನೆ. ಮನೆಯಲ್ಲಿ ಅಕ್ಕನಿಗೂ ಮಕ್ಕಳಿಗೂ ನನ್ನ ವಂದನೆ ತಿಳಿಸು.

ಕರ್ತನಲ್ಲಿ ನಿನ್ನ ಗೆಳೆಯ