ಮಳಿಗೆ ಖರೀದಿ ಕರಾರಿಗೆ ಕನ್ನಡದ ಮಾದರಿ ಬೇಕು

ಮಾನ್ಯರೇ,

ಕಲಬುರಗಿಯಲ್ಲಿ ಅಂಗಡಿ ಮಳಿಗೆ ಕೊಳ್ಳುವ ನಮ್ಮಂಥವರು ಬಾಂಡ್ ಪೇಪರ್ ಮೇಲಿನ ಒಂದೂವರೆ ಪುಟದ ಕರಾರು ನಂಬಿ ಲಕ್ಷಗಟ್ಟಲೆ ಸಂಚಕಾರ (ಮುಂಗಡ ಹಣ) ಕೊಟ್ಟು ಸಿಕ್ಕಿಬೀಳುತ್ತಿದ್ದೇವೆ. ಹೋದ ವರ್ಷ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮಳಿಗೆಗೆ ನಾನು 3 ಲಕ್ಷ ಕೊಟ್ಟೆ. ಹೆಸರು, ದುಡ್ಡು, ಇಬ್ಬರು ಸಾಕ್ಷಿಗಳ ಸಹಿ ಎಲ್ಲ ಇತ್ತು. ಆದರೆ ಒಳಗಿದ್ದ ಬಾಡಿಗೆದಾರರು ಯಾವಾಗ ಖಾಲಿ ಮಾಡಬೇಕು, ಮಾಲೀಕರ ಬ್ಯಾಂಕ್ ಸಾಲ ಯಾರು ತೀರಿಸಬೇಕು, ವ್ಯವಹಾರ ಮುರಿದರೆ ಸಂಚಕಾರ ವಾಪಸ್ ಬರುತ್ತಾ ಇಲ್ವಾ, ಇದ್ಯಾವುದೂ ಇರಲಿಲ್ಲ. ಯಾವುದೋ ಮನೆಯ ಹಳೆ ಕರಾರಿನಲ್ಲೇ ಹೆಸರು ಬದಲಿಸಿ ಟೈಪ್ ಮಾಡಿದ್ದರು, ‘ಅಡುಗೆ ಮನೆ ಸಹಿತ’ ಅನ್ನುವ ಸಾಲು ಹಾಗೇ ಉಳಿದಿತ್ತು. ಆ ದುಡ್ಡು ಇನ್ನೂ ಕೈಗೆ ಬಂದಿಲ್ಲ.

ಕರಾರು ಬರೆದುಕೊಂಡ ಮಾತ್ರಕ್ಕೆ ಆಸ್ತಿ ನಮ್ಮದಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂನಲ್ಲೇ ಇದು ಇದೆ, 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕ್ರಯಪತ್ರ, ಅಂದರೆ ಮಾರಾಟದ ಪತ್ರ, ನೋಂದಣಿ ಆಗಲೇಬೇಕು. ಮಾಲೀಕರು ಮಾತು ತಪ್ಪಿದರೆ ಕ್ರಯ ಮಾಡಿಸಿಕೊಡಿ ಎಂದು ದಾವೆ ಹಾಕಲು 3 ವರ್ಷದ ಗಡುವು ಮಾತ್ರ ಇದೆ, ಸುಮ್ನೆ ‘ಇವತ್ತು ನಾಳೆ’ ಅಂತ ಕಾಯುತ್ತಾ ಕೂತರೆ ಅದೂ ಕಳೆದುಹೋಗುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯವರು ವಾಣಿಜ್ಯ ಮಳಿಗೆಗೆಂದೇ ಸರಳ ಕನ್ನಡದ ಮಾದರಿ ಕರಾರು ತಯಾರಿಸಿ ಗೋಡೆಗೆ ಹಚ್ಚಲಿ. ಸಂಚಕಾರ ಕೊಡುವ ಮೊದಲೇ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ನೋಡಿ ಎಂದು ಅದರ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಲಿ.

– ಒಬ್ಬ ಕಿರಾಣಿ ವ್ಯಾಪಾರಿ, ಕಲಬುರಗಿ