ಪೊಸಡಿಗುಂಪೆ, ರಾಣಿಪುರ, ಬೇಕಲ: ಒಂದೇ ಭಾನುವಾರ ಬೇಡ ಮಾರಾಯ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪಟ್ಟಿ ನೋಡಿದೆ. ಬೆಳಗ್ಗೆ ಪೊಸಡಿಗುಂಪೆ ಗುಡ್ಡ, ಮಧ್ಯಾಹ್ನ ರಾಣಿಪುರ ಬೆಟ್ಟ, ಸಂಜೆ ಬೇಕಲ ಕೋಟೆ. ಮೂರೂ ಕಾಸರಗೋಡು ಜಿಲ್ಲೆಯೊಳಗೇ ಇವೆ, ನಿಜ. ಆದರೆ ಮೊದಲನೆಯದು ಉತ್ತರದ ತುದಿಗೆ, ಎರಡನೆಯದು ಕೊಡಗಿಗೆ ತಾಗಿಕೊಂಡ ಮೂಲೆಯಲ್ಲಿ. ಕಾಸರಗೋಡು ಪೇಟೆಯಿಂದ ರಾಣಿಪುರಕ್ಕೇ ಹತ್ತಿರ ಹತ್ತಿರ 85 ಕಿಲೋಮೀಟರ್, ಅದರಲ್ಲಿ ಕೊನೆಯ ಭಾಗ ಪೂರ್ತಿ ತಿರುವು. ಆ ಪಟ್ಟಿ ಹಿಡಿದು ಹೊರಟರೆ ಮಕ್ಕಳಿಗೆ ಕಾರಿನ ಕಿಟಕಿ ಬಿಟ್ಟು ಬೇರೇನೂ ಕಾಣದು. ಎರಡು ದಿನ ಇಟ್ಟುಕೋ. ಒಂದು ದಿನ ರಾಣಿಪುರ ಮಾತ್ರ. ಇನ್ನೊಂದು ದಿನ ಬೆಳಗ್ಗೆ ಪೊಸಡಿಗುಂಪೆ, ಬಿಸಿಲು ಇಳಿದ ಮೇಲೆ ಬೇಕಲ.

ನಮ್ಮ ಕಡೆಯ ಗುಡ್ಡಗಳು ಸಣ್ಣವು. ತಿಂಗಳು, ಹೊತ್ತು ನೋಡದೆ ಹತ್ತಿದಾಗಲೇ ಕೆಡುವುದು. ನೀವು ಬರುವುದು ಅಕ್ಟೋಬರ್ ಕೊನೆಗೆ, ಅಂದರೆ ಹಿಂಗಾರಿನ ಕಾಲ. ಮಲಯಾಳಿಗಳು ತುಲಾವರ್ಷ ಅನ್ನುವುದು ಇದನ್ನೇ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಊಟದ ಹೊತ್ತು ಕಳೆದ ಮೇಲೆ ಘಟ್ಟದ ಕಡೆಯಿಂದ ಮೋಡ ಏರಿ ಗುಡುಗುತ್ತದೆ. ಬೋಳು ಗುಡ್ಡದ ತಲೆಯ ಮೇಲೆ ಆಗ ಎಲ್ಲಕ್ಕಿಂತ ಎತ್ತರದ ವಸ್ತು ನೀನೇ. ಆದ್ದರಿಂದ ಹನ್ನೆರಡು, ಹೆಚ್ಚೆಂದರೆ ಒಂದು ಗಂಟೆಗೆ ತುದಿ ಬಿಡಬೇಕು. ಗುಡುಗು ಕಿವಿಗೆ ಬಿದ್ದರೆ ಮಳೆ ಬರಲಿ ಎಂದು ಕಾಯಬೇಡ, ಆಗಲೇ ಇಳಿ. ಒಂಟಿ ಮರದಡಿ ನಿಲ್ಲಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ಬಯಲಿಗೆ ಬರಬಾರದು.

ರಾಣಿಪುರದ ಹಳೆಯ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಕ್ರೈಸ್ತ ಧರ್ಮಪ್ರಾಂತ ಇಲ್ಲಿ ಜಾಗ ಕೊಂಡು ಜನರನ್ನು ನೆಲೆಗೊಳಿಸಿದ ಮೇಲೆ ಈ ಹೆಸರು ಬಂತು. ರಾಣಿ ಎಂದರೆ ಮೇರಿ ಮಾತೆ. ಬಸ್ಸಾದರೆ ಕಾಞಂಗಾಡಿನಿಂದ, ನಮ್ಮ ಬಾಯಲ್ಲಿ ಹೊಸದುರ್ಗದಿಂದ, ಪಾಣತ್ತೂರು ದಾರಿಯಲ್ಲಿ ಪನತ್ತಡಿಯಲ್ಲಿ ಇಳಿದು ಜೀಪು ಹಿಡಿಯಬೇಕು. ಆ ಕಡೆ ಕನ್ನಡ, ತುಳು ಅಷ್ಟು ನಡೆಯದು, ಬಸ್ಸಿನ ಬೋರ್ಡು ಮಲಯಾಳದಲ್ಲೇ ಇರುತ್ತದೆ. ಕಂಡಕ್ಟರಿಗೆ ಮೊದಲೇ ಹೇಳಿಟ್ಟರೆ ಸಾಕು. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಮಾಡಿಸಬೇಕು. ಮಳೆ ಜೋರಾದಾಗ, ಆನೆ ಇಳಿದಾಗ, ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ ಇದ್ದಾಗ ಒಳಗೆ ಬಿಡುವುದಿಲ್ಲ. ಹೊರಡುವ ಹಿಂದಿನ ದಿನ ವಿಚಾರಿಸಿಕೋ.

ಗೇಟಿನಿಂದ ತುದಿಗೆ ಸುಮಾರು ಎರಡೂವರೆ ಕಿಲೋಮೀಟರ್. ಮಕ್ಕಳ ಜೊತೆ ಹತ್ತಲು ಒಂದೂವರೆ ಗಂಟೆ, ಇಳಿಯಲು ಒಂದು ಗಂಟೆ ಹಿಡಿ. ಮೊದಲು ಮರಗಳ ನೆರಳು, ಒದ್ದೆ ತರಗೆಲೆ, ಬೇರುಗಳೇ ಮೆಟ್ಟಿಲು. ಆಮೇಲೆ ಒಮ್ಮೆಗೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಇಂಬಳದ, ಅಂದರೆ ಜಿಗಣೆಯ ಕಾಟ ಇರುವುದು ನೆರಳಿನ ಮೊದಲ ಭಾಗದಲ್ಲೇ. ಅಲ್ಲಿಯವರು ಅಟ್ಟ ಅನ್ನುತ್ತಾರೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಸಿ, ಕಾಲುಚೀಲಕ್ಕೂ ಶೂ ಬಾಯಿಗೂ ಬೇವಿನೆಣ್ಣೆ ಸವರು. ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಅದ್ದಿಟ್ಟುಕೊಂಡರೆ ಹತ್ತಿದ್ದರ ಮೇಲೆ ಒತ್ತಲು ಆಗುತ್ತದೆ. ಕಚ್ಚಿಕೊಂಡದ್ದನ್ನು ಎಳೆದು ಕೀಳಬೇಡ, ಉಗುರಿನಿಂದ ಬಾಯಿಯ ಹತ್ತಿರ ಪಕ್ಕಕ್ಕೆ ಜಾರಿಸು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಅತ್ತಿಗೆಗೂ ಮಕ್ಕಳಿಗೂ ಇದನ್ನು ಮೊದಲೇ ಹೇಳಿಡು, ಇಲ್ಲದಿದ್ದರೆ ಕೆಂಪಾದ ಕಾಲುಚೀಲ ನೋಡಿ ಅಲ್ಲೇ ರಂಪ. ದಾರಿಗೆ ಆನೆಯ ಹಸಿ ಲದ್ದಿ ಕಂಡರೆ ಮುಂದೆ ಹೋಗುವ ಮಾತಿಲ್ಲ, ತಿರುಗಿ ಬರುವುದೇ.

ತಲೆಗೆ ಎರಡು ಲೀಟರ್ ನೀರು ಬೇಕು, ಮೇಲೆ ಸಿಗುವುದಿಲ್ಲ. ಸ್ಟೀಲ್ ಬಾಟಲಿಯೇ ಒಳ್ಳೆಯದು. ತಿಂಡಿಯ ಪ್ಲಾಸ್ಟಿಕ್ ಕವರು ಒಯ್ಯಲೇಬೇಡ. ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಅರ್ಧ ಲೀಟರ್ ಇದ್ದರೆ ಬೆವರಿ ಬಂದವನಿಗೆ ಅದರಂಥದ್ದು ಬೇರೆ ಇಲ್ಲ. ಹೊಸ ಶೂ ಬೇಡ. ಹಿಂದಿನ ದಿನ ಕಾಲುಗುರು ಕತ್ತರಿಸು, ಇಳಿಯುವ ಮುಂಚೆ ಶೂವಿನ ಮೇಲಿನ ಎರಡು ಲಾಡಿ ಬಿಗಿಮಾಡು. ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂವಿಗೆ ಬಡಿಯುತ್ತಾ ಇದ್ದರೆ ಮರುದಿನ ಉಗುರು ನೀಲಿ.

ಪೊಸಡಿಗುಂಪೆಯ ರೀತಿಯೇ ಬೇರೆ. ಸಮುದ್ರಮಟ್ಟದಿಂದ 1060 ಅಡಿ, ಬಂದ್ಯೋಡಿನಿಂದ ಒಳಗೆ ಧರ್ಮತ್ತಡ್ಕದ ಹತ್ತಿರ. ಅಲ್ಲಿ ದಾರಿ ಕೇಳಲು ಕನ್ನಡ ಧಾರಾಳ ಸಾಕು, ತುಳು ಬಂದರೆ ಇನ್ನೂ ಒಳ್ಳೆಯದು. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಕಡಲು, ಮಂಗಳೂರು, ಇನ್ನೊಂದು ಕಡೆ ಕುದುರೆಮುಖದ ಸಾಲು. ಆದರೆ ನೆರಳೆಂಬುದಿಲ್ಲ. ಆರೂವರೆಗೆ ಬುಡ ಬಿಟ್ಟು ಒಂಬತ್ತಕ್ಕೆ ಇಳಿದಿರಬೇಕು. ತಲೆಗೆ ಒಂದು ಲೀಟರ್ ನೀರು ಸಾಕು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಮೇಲೆ ಹಾವಸೆ ಇನ್ನೂ ಒಣಗಿರುವುದಿಲ್ಲ, ಕಪ್ಪಗೆ ಹೊಳೆಯುವ ಕಲ್ಲಿಗೆ ಕಾಲಿಡಬೇಡ, ಹುಲ್ಲಿನ ಬುಡಕ್ಕೆ ಇಡು. ಡಿಸೆಂಬರ್ ಕಳೆದರೆ ಇದೇ ಮಾತು ಉಲ್ಟಾ: ಒಣಗಿದ ಮುಳಿಹುಲ್ಲು ಎಣ್ಣೆ ಸುರಿದಂತೆ ಜಾರುತ್ತದೆ, ಆಗ ಕಲ್ಲೇ ಗಟ್ಟಿ.

ಇಂಥ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬೋಳು ದಿಬ್ಬಗಳಲ್ಲಿ, ಕಲ್ಲು ಕಡಿದು ಬಿಟ್ಟ ಕೋರೆಗಳಿರುತ್ತವೆ. ಮಳೆನೀರು ತುಂಬಿ ಹಸಿರಾಗಿ ಚಂದ ಕಾಣುತ್ತವೆ. ಗೋಡೆ ನೆಟ್ಟಗೆ, ಹತ್ತಲು ಹಿಡಿಯೇ ಇಲ್ಲ, ಆಳ ಹೊರಗಿನಿಂದ ಗೊತ್ತಾಗದು. ಈಜು ಬಲ್ಲವನೂ ಇಳಿಯಬಾರದು. ಮಕ್ಕಳ ಕೈ ಬಿಡಬೇಡ. ಅದೇ ಪದವಿನ ತೆಳು ನೀರು ನಿಂತ ಜಾಗದಲ್ಲಿ ಮಳೆಗಾಲದ ಕೊನೆಗೆ ಗೇಣಿಗಿಂತ ಗಿಡ್ಡದ ನೀಲಿ ಹೂ ಹಾಸಿರುತ್ತದೆ, ಮಲಯಾಳದಲ್ಲಿ ಕಾಕ್ಕಪ್ಪೂ. ಪುಟ್ಟ ಚೀಲಗಳಲ್ಲಿ ನೀರಿನ ಹುಳ ಹಿಡಿದು ತಿನ್ನುವ ಗಿಡ ಅದು. ಮಗಳಿಗೆ ಬಗ್ಗಿ ನೋಡಲು ಹೇಳು. ಮೆಟ್ಟಿಕೊಂಡು ಫೋಟೋ ತೆಗೆಯುವುದು ಬೇಡ.

ಬೇಕಲಕ್ಕೆ ಹೆಚ್ಚು ಬರೆಯುವುದಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಲ್ಲ, ಅಗಲವಾದ ಇಳಿಜಾರು ದಾರಿ, ಹಾಗಾಗಿ ಅಮ್ಮನ ಮೊಣಕಾಲಿಗೂ ಅಡ್ಡಿಯಿಲ್ಲ. ನಾಲ್ಕಕ್ಕೆ ಒಳಗೆ ಹೋಗು. ಸಂಜೆ ಕೋಟೆ ಮುಚ್ಚುತ್ತಾರೆ, ಸೂರ್ಯ ಮುಳುಗುವುದನ್ನು ಪಕ್ಕದ ಪಳ್ಳಿಕ್ಕರೆ ಕಡಲ ಕರೆಯಿಂದ ನೋಡಿದರಾಯಿತು.

ಅಮ್ಮ ರಾಣಿಪುರ ಹತ್ತುವುದು ಬೇಡ. ಆ ದಿನ ಅವರನ್ನು ಕುಂಬಳೆಯ ಹತ್ತಿರದ ಅನಂತಪುರ ಕೆರೆ ದೇವಸ್ಥಾನಕ್ಕೆ ಕಳಿಸೋಣ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿದೆ.

ರೈಲು ಯಾವುದು, ಎಷ್ಟು ಜನ ಎಂದು ಬರೆ. ಜೀಪು ಹೇಳಿಡಬೇಕು.

ಇತಿ ನಿನ್ನ ಗೆಳೆಯ